ಬಲಭುಜದ ಪರೀಕ್ಷೆ

ಪರೀಕ್ಷೆಯ ದಿನವೇ ದರ್ಜಿ ಕೈಕೊಟ್ಟ. ನಿನ್ನೆ ಸಂಜೆಯವರೆಗೂ "ಬಂದೇ ಬರ್ತೀನಿ ಮೇಡಂ, ನಿಮ್ಮ ಮಾತು ಮೀರ್ತೀನಾ" ಎಂದು ಬೆಣ್ಣೆ ಹಚ್ಚುತ್ತಿದ್ದವನು ಇವತ್ತು ಬೆಳಗ್ಗೆಯಿಂದ ಫೋನೇ ಎತ್ತುತ್ತಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತು ಕೂತು ಬಿಗಿದುಹೋಗಿದ್ದ ಅವನ ಭುಜ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ರೋಗಿಯಾಗಿ ಕೂರಲು ಹೇಳಿ ಮಾಡಿಸಿದಂತಿತ್ತು. ಅಂಥದೊಂದು ಭುಜವನ್ನು ಹುಡುಕಿ, ಓಲೈಸಿ, ಬಂದುಹೋಗಲು ಗಾಡಿ ಗೊತ್ತುಮಾಡಿ, ಎಲ್ಲ ಮುಗಿಯಿತು ಅಂದುಕೊಂಡರೆ ಇದು ಗತಿ. ವಿಭಾಗದ ಮುಖ್ಯಸ್ಥೆ ಅಂದ ಕೂಡಲೇ ಜನ ದೊಡ್ಡ ಮೇಜು, ತಿರುಗುವ ಕುರ್ಚಿ ಅಂದುಕೊಳ್ಳುತ್ತಾರೆ. ಫಿಸಿಯೋಥೆರಪಿ ವಿಭಾಗದ ಮುಖ್ಯಸ್ಥೆ ಅಂದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಯಾರದೋ ಭುಜಕ್ಕಾಗಿ ಎಡಗೈಯಲ್ಲಿ ಮತ್ತೆ ಮತ್ತೆ ಫೋನು ಒತ್ತುವವಳು ಎಂದು ಯಾರಿಗೆ ಗೊತ್ತು? ಎಡಗೈಯಲ್ಲಿ. ಅದೂ ಈಗ ಅಭ್ಯಾಸವಾಗಿಬಿಟ್ಟಿತ್ತು. ಬಲಗೈ ಬಿಳಿ ಕೋಟಿನ ಜೇಬಿನೊಳಗೆ ಹೆಬ್ಬೆರಳು ಸಿಕ್ಕಿಸಿಕೊಂಡು ಸುಮ್ಮನೆ ಇತ್ತು. ನೋಡಿದವರು ಮೇಡಂ ಗತ್ತಿನಲ್ಲಿ ನಿಂತಿದ್ದಾರೆ ಅಂದುಕೊಳ್ಳಬೇಕು, ಹಾಗೆ.

ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಆಗಲೇ ಒಂದು ಲೋಟ ಚಹಾ ಮುಗಿಸಿ ಎರಡನೆಯದಕ್ಕೆ ಕೈಹಾಕಿದ್ದರು. ಮಧ್ಯಾಹ್ನದ ರೈಲು ಹಿಡಿಯಬೇಕೆಂದು ಬಂದ ಗಳಿಗೆಯಿಂದ ಹೇಳುತ್ತಲೇ ಇದ್ದರು, ರೈಲನ್ನು ಅವಳೇ ಓಡಿಸುತ್ತಾಳೆ ಎಂಬಂತೆ. ಒಳ್ಳೆಯ ಮನುಷ್ಯ, ಯಾರನ್ನೂ ನೋಯಿಸುವುದು ಬೇಕಾಗಿಲ್ಲದವರು, ಅದಕ್ಕೇ ಅವಳಿಗೆ ಅವರನ್ನು ಕಂಡರೆ ಕಿರಿಕಿರಿ. ಇಂಥವರ ಹತ್ತಿರ ಜಗಳ ಆಡೋಣ ಅಂದರೂ ಹಿಡಿಯಲು ಏನೂ ಸಿಗುವುದಿಲ್ಲ. ಪರೀಕ್ಷೆಯ ಹಾಲಿನಲ್ಲಿ ಮಂಚಗಳನ್ನು ಗೋಡೆಗೆ ಸರಿಸಿ ಜಾಗ ಮಾಡಲಾಗಿತ್ತು. ಕೀಲುನೋವಿಗೆ ಹಚ್ಚುವ ಮೇಣ ಕಾಯಿಸುವ ತೊಟ್ಟಿಯನ್ನು ಆರಿಸಲು ಯಾರೂ ನೆನಪಿಟ್ಟುಕೊಂಡಿರಲಿಲ್ಲ, ಅದರ ವಾಸನೆ ಕೋಣೆಯ ತುಂಬ ಇತ್ತು. ಕಿಟಕಿಯ ಪಕ್ಕದಲ್ಲಿ ರಾಟೆಯ ಹಗ್ಗ ಇಳಿಬಿದ್ದಿತ್ತು. ಇಷ್ಟು ವರ್ಷಗಳಲ್ಲಿ ಎಷ್ಟು ಜನರ ಕೈಗೆ ಆ ಹಗ್ಗ ಕೊಟ್ಟು "ಎಳೀರಿ, ಇನ್ನೂ ಸ್ವಲ್ಪ, ಏನೂ ಆಗಲ್ಲ" ಅಂದಿದ್ದಾಳೋ. ಏನೂ ಆಗಲ್ಲ. ಎಷ್ಟು ಸಲೀಸಾಗಿ ಹೇಳುತ್ತಿದ್ದಳು! ಹೋದ ತಿಂಗಳು, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ, ಬಾಗಿಲು ಹಾಕಿಕೊಂಡು ಅವಳೂ ಅದನ್ನು ಎಳೆದು ನೋಡಿದ್ದಳು. ಎಳೆದು, ಹಗ್ಗ ಬಿಟ್ಟು, ಮಂಚದ ಅಂಚು ಹಿಡಿದು ಕೂತಳು. ಕಣ್ಣು ಕತ್ತಲಿಟ್ಟಿತ್ತು. ಬಾಗಿಲು ತಟ್ಟಿದ ನರ್ಸಿಗೆ "ಬಂದೆ ಇರಮ್ಮ, ಏನು ಆಸ್ಪತ್ರೆಗೆ ಬೆಂಕಿ ಬಿದ್ದಿದೆಯಾ" ಎಂದು ಒಳಗಿನಿಂದಲೇ ಗದರಿದ್ದಳು.

"ದರ್ಜಿ ಹೋದ್ರೆ ಹೋಗ್ಲಿ ಬಿಡಿ ಮೇಡಂ," ಎಂದರು ಪರೀಕ್ಷಕರು. "ನೀವೇ ಕೂತುಬಿಡಿ. ಎಲ್ಲರಿಗೂ ಭುಜದ ಪರೀಕ್ಷೆ ಹೇಗೆ ಮಾಡ್ಬೇಕು ಅಂತ ಗೊತ್ತಿದ್ರೆ ಸಾಕಲ್ಲ. ರೋಗ ಇರ್ಲೇಬೇಕು ಅಂತೇನಿದೆ? ನೋಡಿದ್ವಿ, ಅಳೆದ್ವಿ, ನಾರ್ಮಲ್, ಅಷ್ಟೇ. ಊಟದ ಹೊತ್ತಿಗೆ ಮುಗಿಸಿಬಿಡೋಣ."

"ನಾನಾ?"

"ಮತ್ತೆ? ಪ್ರತಿ ವರ್ಷ ಹುಡುಗರಿಗೆ ನೀವೇ ತಾನೇ ಕೂರ್ತಿದ್ದಿದ್ದು? ನಿಮ್ಮ ಮೂಳೆಗಳ ಮೇಲೇ ಅರ್ಧ ಊರು ಫಿಸಿಯೋಥೆರಪಿ ಕಲ್ತಿದೆ!"

ಅದು ಸುಳ್ಳಲ್ಲ. ತೆಳ್ಳನೆಯ ಮೈ, ಎದ್ದು ಕಾಣುವ ಮೂಳೆಗಳು. ಪುಸ್ತಕದ ಚಿತ್ರ ಅರ್ಥವಾಗದವರಿಗೆ ಅವಳು ಕೋಟು ಬಿಚ್ಚಿ ಕೂತು "ಇಲ್ಲಿ ಒತ್ತು, ಇದೇ ಅದು" ಅನ್ನುತ್ತಿದ್ದಳು. ಮೈಯನ್ನು ಕರಿಹಲಗೆ ಮಾಡಿಕೊಂಡವಳು ಎಂದು ಹಿಂದಿನಿಂದ ನಗುತ್ತಿದ್ದರಂತೆ, ನಗಲಿ. ಈಗ ಆಗಲ್ಲ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಏನು ಹೇಳುವುದು? ಹೊಸ ವಾರ್ಡು ಬರುವ ತಿಂಗಳು ಶುರುವಾಗುತ್ತದೆ. ಪಾರ್ಶ್ವವಾಯು ಹೊಡೆದು ಒಂದು ಮಗ್ಗುಲು ಸೋತವರನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ವಾರ್ಡು. ಅದಕ್ಕಾಗಿ ಅವಳು ಆಡಳಿತದವರ ಬಾಗಿಲಲ್ಲಿ ಎಷ್ಟು ವರ್ಷ ಕಾದಿದ್ದಳು. "ಫಿಸಿಯೋದವರಾ, ಕೈಕಾಲು ಆಡಿಸ್ತೀರಲ್ಲ, ಅದಕ್ಕೆ ಬೇರೆ ವಾರ್ಡು ಯಾಕ್ರೀ" ಎಂದು ಹೇಳಿಸಿಕೊಂಡು, ನಕ್ಕು, ಹೊರಬಂದು ಹಲ್ಲು ಕಡಿದು, ಮರುತಿಂಗಳು ಮತ್ತೆ ಹೋಗಿ ಕೂತು ಗಿಟ್ಟಿಸಿದ ವಾರ್ಡು. ಮತ್ತು ಆ ವಾರ್ಡಿಗೂ ಅನ್ವಯಿಸುವ ನಿಯಮವೊಂದಿತ್ತು, ಅದನ್ನು ಬರೆದವಳೂ ಅವಳೇ. ರೋಗಿಯ ಭಾರವನ್ನು ಎರಡೂ ಕೈಯಲ್ಲಿ ತಾಳಲಾರದವರು ರೋಗಿಯನ್ನು ಮುಟ್ಟಬಾರದು. ಅಂಥವರಿಗೆ ಮೇಜಿನ ಕೆಲಸ.

"ಕೂರ್ತೀನಿ, ಅದಕ್ಕೇನಂತೆ," ಎಂದಳು.

ಸ್ಟೂಲು ತಂದವರು ಮೇಷ್ಟ್ರು. ಅವರ ನಿಜವಾದ ಹುದ್ದೆ ಏನೇ ಇರಲಿ, ಅವಳಿಂದ ಹಿಡಿದು ಇಲ್ಲಿರುವ ಎಲ್ಲರಿಗೂ ಕೆಲಸ ಕಲಿಸಿದವರು ಅವರಾದ್ದರಿಂದ ಮೇಷ್ಟ್ರು ಎಂದೇ ಹೆಸರು. ಅವರ ಸೊಂಟ ಹೋಗಿ ಭಾರ ತಾಳಲಾಗದಂತಾದದ್ದರಿಂದಲೇ ಆ ನಿಯಮ ಹುಟ್ಟಿದ್ದು. ಅವರಿಗೀಗ ವಾರ್ಡಿಲ್ಲ. ಯಂತ್ರಗಳ ಕೋಣೆಯಲ್ಲಿ ಕೂತು ಯಾವುದು ಕೆಟ್ಟಿದೆ, ಯಾವುದು ರಿಪೇರಿಗೆ ಹೋಗಬೇಕು ಎಂದು ನೋಡಿಕೊಳ್ಳುತ್ತಾರೆ, ಪರೀಕ್ಷೆ ಇದ್ದಾಗ ಹುಡುಗರನ್ನು ಒಬ್ಬೊಬ್ಬರಾಗಿ ಕರೆಯುತ್ತಾರೆ. ಮೇಜಿನ ಕೆಲಸದ ಆದೇಶ ಕೊಡಲು ಅವಳು ಅವರನ್ನು ಒಳಗೆ ಕರೆದ ದಿನ, ಕುರ್ಚಿ ತೋರಿಸಲೂ ಮರೆತು ನಿಯಮದ ಬಗ್ಗೆ ಉದ್ದಕ್ಕೆ ಮಾತಾಡಿದ್ದಳು. ಅವರು ಪೂರ್ತಿ ಕೇಳಿ, "ಸರಿ ಬಿಡಮ್ಮ, ನೀನೇನು ನಿನಗೋಸ್ಕರ ಮಾಡ್ತಿಲ್ವಲ್ಲ" ಅಂದು ಹೋಗಿದ್ದರು. ಬೈದಿದ್ದರೆ ಮರೆತುಹೋಗಿರುತ್ತಿತ್ತು. ಈಗ ಅವರು ಸ್ಟೂಲನ್ನು ಹಾಲಿನ ನಡುವೆ ಇಡಲಿಲ್ಲ. ತುಸು ಯೋಚಿಸಿದವರಂತೆ ನಿಂತು, ಅದನ್ನು ಎಳೆದೊಯ್ದು ಗೋಡೆಗೆ ಒತ್ತಿಸಿ ಇಟ್ಟರು. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ," ಎಂದರು. ಕೂತರೆ ಬೆನ್ನು ಗೋಡೆಗೆ ತಾಗುವಂತಿತ್ತು. ಹಿಂದಿನಿಂದ ಯಾರೂ ಅವಳ ಹೆಗಲಮೂಳೆ ನೋಡಲಾಗದಂತಿತ್ತು. ಅವಳು ಅವರ ಮುಖ ನೋಡಿದಳು. ಅವರು ಕಿಟಕಿಯ ಚಿಲಕ ಸರಿಮಾಡುತ್ತಿದ್ದರು. ಇವರಿಗೆ ಗೊತ್ತು ಎಂದು ಆಗ ಅವಳಿಗೆ ತಿಳಿಯಿತು. ಯಾವತ್ತಿನಿಂದಲೋ ಗೊತ್ತಿದೆ. ಕೋಪ ನೆತ್ತಿಗೇರಿತು. ಯಾರು ಕೇಳಿದರು ಇವರನ್ನು ಈ ಉಪಕಾರ?

ಕೋಟು ಬಿಚ್ಚುವುದೇ ಒಂದು ವಿದ್ಯೆಯಾಗಿತ್ತು. ಮೊದಲು ಎಡತೋಳನ್ನು ಜಾರಿಸಿ ಆಮೇಲೆ ಬಲ. ಹಾಕಿಕೊಳ್ಳುವಾಗ ಬಲ ಮೊದಲು. ರೋಗಿಗಳಿಗೆ ಹೇಳಿಕೊಟ್ಟ ಪಾಠ. ಮನೆಯಲ್ಲಿಯೂ ಎಲ್ಲ ಹೀಗೇ ನಡೆದಿತ್ತು. ಅಡುಗೆಮನೆಯ ಮೇಲಿನ ಹಲಗೆಗಳಿಂದ ಸಕ್ಕರೆ ಡಬ್ಬಿ, ಚಹಾಪುಡಿ, ದೊಡ್ಡ ಪಾತ್ರೆ ಎಲ್ಲ ಒಂದೊಂದಾಗಿ ಕೆಳಗಿಳಿದಿದ್ದವು. "ಏನೇ ಇದು, ಮನೆ ಸಾಮಾನೆಲ್ಲ ಮೊಣಕಾಲಿಗೆ ಇಳೀತಾ ಇದೆ," ಎಂದು ಇವತ್ತು ಬೆಳಗ್ಗೆಯೂ ಗಂಡ ಗೊಣಗಿದ್ದ. "ನಾಳೆ ನಾನು ತೆವಳ್ಕೊಂಡು ಚಹಾ ಮಾಡ್ಬೇಕಾ?" "ಬಗ್ಗಿ. ಬಗ್ಗಿದ್ರೆ ಆ ಹೊಟ್ಟೆ ಕರಗುತ್ತೆ," ಎಂದು ಅವಳು ಬಾಯಿ ಮುಚ್ಚಿಸಿದ್ದಳು. ಕೂದಲು ಕಟ್ಟಿಕೊಳ್ಳಲು ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ, ಹೋಗಿ ಕತ್ತರಿಸಿಕೊಂಡು ಬಂದಳು. ನಾದಿನಿ "ಅತ್ತಿಗೆ, ಎಷ್ಟು ಚಿಕ್ಕೋರಾಗಿ ಕಾಣ್ತೀರಿ!" ಎಂದು ಹೊಗಳಿದಳು. ಅಕ್ಕನ ಮನೆಗೆ ಹೋದಾಗಲೆಲ್ಲ ಭಾವ ಕತ್ತು ಮುಂದೆ ಚಾಚಿ "ನಿಂದು ಹೇಗಿದ್ರೂ ಇದೇ ಕೆಲಸ ಅಲ್ವೇನಮ್ಮ, ಸ್ವಲ್ಪ ಒತ್ತು ನೋಡೋಣ" ಅನ್ನುತ್ತಿದ್ದರು, ಈಗ ಎಡಗೈಯಲ್ಲಿ ಒತ್ತುತ್ತಾಳೆ. ಭಾವನಿಗೆ ವ್ಯತ್ಯಾಸವೇ ಗೊತ್ತಾಗಿಲ್ಲ. ಹಾಗಾದರೆ ಇಷ್ಟು ವರ್ಷ ಈ ಬಲಗೈ ಮಾಡಿದ್ದಾದರೂ ಏನು?

ಭುಜ ಹಾಳಾದದ್ದು ಹೋದ ಬೇಸಿಗೆಯಲ್ಲಿ. ವಕೀಲರೊಬ್ಬರು, ಭಾರೀ ಆಳು, ಎಡಮಗ್ಗುಲು ಸೋತಿತ್ತು. ಎರಡು ಕಂಬಿಗಳ ನಡುವೆ ನಡೆಸುತ್ತಿದ್ದಾಗ ಅವರ ಮಂಡಿ ಇದ್ದಕ್ಕಿದ್ದಂತೆ ಮಡಿಸಿಕೊಂಡಿತು. ಅವಳು ಅವರ ಕಂಕುಳಿಗೆ ಬಲಗೈ ಕೊಟ್ಟು ತಡೆದಳು. ನೆಲ ಮುಟ್ಟಲು ಬಿಡಲಿಲ್ಲ. ಅವಳ ಭುಜದೊಳಗೆ ಪಟ್ಟೆಂದು ಏನೋ ಕಿತ್ತುಹೋಯಿತು, ಹಳೆಯ ಬಟ್ಟೆ ಹರಿದ ಹಾಗೆ. ವಕೀಲರು ಉಸಿರು ತೆಗೆದುಕೊಂಡವರೇ "ನೋಡ್ಕೊಂಡು ಹಿಡ್ಕೊಳೋಕಾಗಲ್ವೇನ್ರೀ? ಬೀಳಿಸಿಬಿಡ್ತಿದ್ರಲ್ಲ!" ಎಂದು ಎಲ್ಲರೆದುರು ಕೂಗಾಡಿದರು. ಅವಳು "ಸಾರಿ ಸರ್" ಅಂದಳು. ಅಂದದ್ದು ನೆನಪಾದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಸಾರಿಯಂತೆ! ಸ್ಕ್ಯಾನು ಮಾಡಿಸಿಲ್ಲ. ಏನು ಬರುತ್ತದೆಂದು ಗೊತ್ತು. ತನ್ನ ಕೈಯಿಂದ ತನ್ನ ಭುಜವನ್ನು ಕತ್ತಲಲ್ಲಿ ಮುಟ್ಟಿ ನೋಡಿಕೊಂಡಾಗಲೇ ಗೊತ್ತಾಗಿತ್ತು. ಆದರೆ ಬೇರೆಯವರ ಬಾಯಲ್ಲಿ ಬರುವವರೆಗೆ ಅದು ರೋಗವಲ್ಲ, ಬರೀ ನೋವು. ನೋವಿಗೆ ಯಾವ ನಿಯಮವೂ ಇಲ್ಲ.

ಇನ್ನು ಕೈ ಎತ್ತುವುದು. ಅದನ್ನು ಹೇಗೆ ಎತ್ತಬೇಕೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೈ ಎತ್ತುವ ಸ್ನಾಯು ಸೋತರೆ ದೇಹ ಸೋಲೊಪ್ಪುವುದಿಲ್ಲ. ಪಕ್ಕದ ಸ್ನಾಯುವನ್ನು ಕರೆಯುತ್ತದೆ, ಹೆಗಲನ್ನೇ ಕಿವಿಯ ಕಡೆಗೆ ಎಗರಿಸುತ್ತದೆ, ಸೊಂಟವನ್ನು ಆಚೆಗೆ ವಾಲಿಸುತ್ತದೆ, ಒಟ್ಟಿನಲ್ಲಿ ಕೈ ಮೇಲೆ ಹೋಗುತ್ತದೆ. ಕ್ಲಾಸಿನಲ್ಲಿ ಅವಳು ಅದಕ್ಕೆ ಕಳ್ಳಾಟ ಅಂತ ಹೆಸರಿಟ್ಟಿದ್ದಳು. "ಕೈ ಮೇಲೆ ಹೋಯ್ತಾ ಅಂತ ನೋಡ್ಬೇಡ್ರೋ, ಹೇಗೆ ಹೋಯ್ತು ಅಂತ ನೋಡಿ" ಎಂದು ಗಂಟಲು ಹರಿದುಕೊಂಡಿದ್ದಳು. ಈಗ ಅದೇ ಕಳ್ಳಾಟವನ್ನು ಒಂದಿಷ್ಟು ನಾಜೂಕು ಮಾಡಿ, ವೇಗ ಸೇರಿಸಿ, ಜೊತೆಗೆ ತಲೆಗೂದಲು ಸರಿಮಾಡಿಕೊಳ್ಳುವಂಥ ಒಂದು ಭಂಗಿ ಬೆರೆಸಿ, ಇಡೀ ಆಸ್ಪತ್ರೆಯ ಕಣ್ಣಿಗೆ ಮಣ್ಣೆರಚಿ ಓಡಾಡುತ್ತಿದ್ದಳು.

ಮೊದಲು ಬಂದವಳು ಕ್ಲಾಸಿಗೇ ಮೊದಲು ಬರುವವಳು. ಬಾಯಿಪಾಠ ಮಾಡಿದ್ದನ್ನು ಗಡಗಡ ಒಪ್ಪಿಸುತ್ತ, ಅವಳ ಕೈ ಎತ್ತಿಸಿ, ಇಳಿಸಿ, ಮೇಲಿನಿಂದ ಒತ್ತುವ ಶಾಸ್ತ್ರ ಮಾಡಿದಳು. ಮುಖ್ಯಸ್ಥೆಯ ಕೈಯನ್ನು ನಿಜವಾಗಿ ಯಾರು ಒತ್ತಿಯಾರು? ಬೆರಳು ತಾಗಿತೋ ಇಲ್ಲವೋ, "ಶಕ್ತಿ ಪೂರ್ತಿ ಇದೆ, ನಾರ್ಮಲ್" ಎಂದಳು. ಪರೀಕ್ಷಕರು ತಲೆದೂಗಿದರು. ಎರಡನೆಯವನು ಅವಳ ಭುಜವನ್ನು ಬಿಟ್ಟು ಪರೀಕ್ಷಕರ ಮುಖವನ್ನೇ ಪರೀಕ್ಷಿಸಿದ. ಅವರು ಹುಬ್ಬೇರಿಸಿದರೆ ಮಾತು ಬದಲಿಸುತ್ತಿದ್ದ. ಮೂರನೆಯವನು ಎಡ ಬಲ ಗೊಂದಲ ಮಾಡಿಕೊಂಡು ಎಡಭುಜವನ್ನೇ ಎರಡು ಸಲ ನೋಡಿದ. ಎಲ್ಲರದೂ ನಾರ್ಮಲ್. ಅವಳಿಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಸಿಟ್ಟು ಬಂತು. ಅಯ್ಯೋ, ಎದುರಿಗೇ ಇದೆ ಕಣ್ರೋ! ಮೂಗಿನ ಕೆಳಗೆ! ಸ್ಟೂಲು ಗೋಡೆಗೆ ಅಂಟಿದೆ, ಹಿಂದಿನಿಂದ ನೋಡಬೇಕು ಅಂತ ಒಬ್ಬರಿಗಾದರೂ ಅನ್ನಿಸಬಾರದಾ? ನಾಳೆ ಇವರು ಬಿಳಿ ಕೋಟು ಹಾಕಿಕೊಂಡು ಹೋಗಿ ಜನರನ್ನು ಮುಟ್ಟುತ್ತಾರೆ. ನಾಲ್ಕು ವರ್ಷ ಏನು ಕಲಿಸಿದೆ ನಾನು, ಕಡಲೆಕಾಯಿ ಸುಲಿಯೋದನ್ನಾ? ಹೀಗೆ ಒಳಗೊಳಗೇ ಅವರನ್ನು ಬೈಯುತ್ತ, ಅವರು ಕಾಣದಂತೆ ಮತ್ತಷ್ಟು ಜಾಣತನದಿಂದ ಹೆಗಲು ಎಗರಿಸುತ್ತ, ಎರಡೂ ಕೆಲಸವನ್ನು ಒಟ್ಟಿಗೆ ಮಾಡುತ್ತಿದ್ದಳು. ಪ್ರತಿ ಸಲ ಕೈ ಮೇಲೆ ಹೋದಾಗಲೂ ಬಾಗಿಲ ಬಳಿ ನಿಂತ ಮೇಷ್ಟ್ರು ನೆಲ ನೋಡುತ್ತಿದ್ದರು.

ನಾಲ್ಕನೆಯವಳೇ ಕೊನೆಯವಳು. ಮುಖ್ಯಸ್ಥೆ ಮನಸ್ಸಿನಲ್ಲೇ ಆ ಹುಡುಗಿಗೆ ಇಟ್ಟಿದ್ದ ಹೆಸರು ಪ್ರಶ್ನೆಪತ್ರಿಕೆ. ಎಲ್ಲದಕ್ಕೂ ಒಂದು ಪ್ರಶ್ನೆ. "ಜೋರಾಗಿ ಒತ್ತಬೇಕು ಅಂದ್ರೆ ಎಷ್ಟು ಜೋರು ಮೇಡಂ?" "ಆಮೇಲೆ ಬಿಡಬೇಕು ಅಂದ್ರಲ್ಲ, ಹೇಗೆ ಬಿಡೋದು ಮೇಡಂ?" ನಿಧಾನವೆಂದರೆ ಅಷ್ಟಿಷ್ಟಲ್ಲ, ಹಿಂದೆ ಎರಡು ಸಲ ಫೇಲಾದದ್ದೂ ಇದಕ್ಕೇ. ಗಂಟೆ ಬಾರಿಸಿದರೂ ಇನ್ನೂ ರೋಗಿಯ ಎಡಗೈ ಹಿಡಿದುಕೊಂಡು ನಿಂತಿದ್ದಳು. ಮೂರನೆಯ ಸಲವೂ ಹೋದರೆ ಮತ್ತೆ ಕೂರಲು ಬಿಡುವುದಿಲ್ಲ, ನಾಲ್ಕು ವರ್ಷ ನೀರಿಗೆ ಹಾಕಿದ ಹಾಗೆ. ಇವಳು ಈ ಕೆಲಸಕ್ಕಲ್ಲ, ಎಂದು ಮುಖ್ಯಸ್ಥೆಯೇ ಮೀಟಿಂಗಿನಲ್ಲಿ ಹೇಳಿದ್ದಳು. ಈಗ ಹುಡುಗಿ ಬಂದು ನಿಂತು, ಮೊದಲು ಅವಳನ್ನಲ್ಲ, ಸ್ಟೂಲನ್ನು ನೋಡಿದಳು.

"ಮೇಡಂ, ಸ್ವಲ್ಪ ಮುಂದೆ ಬರ್ತೀರಾ? ನನಗೆ ಹಿಂದಿನಿಂದ ನೋಡ್ಬೇಕು."

"ಇಲ್ಲಿ ಗಾಳಿ ಬರುತ್ತೆ," ಎಂದರು ಮೇಷ್ಟ್ರು ಬಾಗಿಲ ಬಳಿಯಿಂದ.

"ಆಮೇಲೆ ವಾಪಸ್ ಹಾಕ್ತೀನಿ ಸರ್," ಎಂದಳು ಹುಡುಗಿ.

ಅವಳು ಎದ್ದಳು. ಸ್ಟೂಲು ಮುಂದೆ ಬಂತು. ಹುಡುಗಿಯ ಕೈ ತಣ್ಣಗಿತ್ತು. ಕೈ ಉಜ್ಜಿ ಬಿಸಿ ಮಾಡಿಕೊಂಡು ಮುಟ್ಟು ಅಂತ ಎಷ್ಟು ಸಲ ಬಡಕೊಂಡಿದ್ದೇನೆ ಇವಳಿಗೆ! "ಎರಡೂ ಕೈ ಎತ್ತಿ ಮೇಡಂ." ಎತ್ತಿದಳು. "ಇನ್ನೊಂದ್ಸಲ." ಎತ್ತಿದಳು. "ಇನ್ನೊಂದ್ಸಲ, ನಿಧಾನಕ್ಕೆ." ನಿಧಾನ ಎಂದರೆ ವೇಗದ ಸಹಾಯ ಇಲ್ಲ. ನೋವು ತೋಳಿನುದ್ದ ಇಳಿಯಿತು. ಮುಖದ ಮೇಲೆ ಅದು ಬಾರದಂತೆ ಅವಳು ಕಿಟಕಿಯ ಹೊರಗಿನ ಸೈಕಲ್ ಸ್ಟ್ಯಾಂಡನ್ನು ನೋಡಿದಳು.

"ಏನಮ್ಮಾ, ಸಿನಿಮಾ ತೋರಿಸ್ತಿದಾರಾ, ಮತ್ತೆ ಮತ್ತೆ ನೋಡೋಕೆ?" ಎಂದರು ಪರೀಕ್ಷಕರು, ಗಡಿಯಾರದ ಕಡೆ ಕಣ್ಣು ಹಾಕಿ.

ಹುಡುಗಿ ಮುಂದೆ ಬಂದು, ಅವಳ ಬಲಗೈಯನ್ನು ಪಕ್ಕಕ್ಕೆ ಚಾಚಿಸಿ, "ನಾನು ಒತ್ತುತ್ತೀನಿ, ನೀವು ತಡೀರಿ ಮೇಡಂ" ಎಂದು ಒತ್ತಿದಳು. ನಿಜವಾಗಿ ಒತ್ತಿದಳು. ಕೈ ಕುಸಿದು ತೊಡೆಯ ಮೇಲೆ ಬಿತ್ತು. ಬಿದ್ದ ಕೂಡಲೇ ಅವಳು ಅದನ್ನು ಏನೋ ಧೂಳು ಕೊಡವಿಕೊಳ್ಳುವುದಕ್ಕೇ ಇಳಿಸಿದಂತೆ ತೊಡೆ ಕೊಡವಿದಳು. ತನ್ನ ಬಗ್ಗೆಯೇ ಅಸಹ್ಯವಾಯಿತು.

"ಹೇಳು," ಎಂದರು ಪರೀಕ್ಷಕರು.

"ಎಡಭುಜ ನಾರ್ಮಲ್ ಸರ್. ಬಲಭುಜ..." ಹುಡುಗಿ ನಿಂತಳು. "ಬಲಭುಜದಲ್ಲಿ ಶಕ್ತಿ ಕಮ್ಮಿ ಇದೆ. ಹೆಗಲು ಮೇಲಕ್ಕೆಳೆದು ಕೈ ಎತ್ತುತ್ತಿದಾರೆ. ಒಳಗಿನ ಸ್ನಾಯು ಹರಿದಿರಬಹುದು ಅಂತ ಅನ್ನಿಸ್ತು."

ಪರೀಕ್ಷಕರು ಮನಸಾರೆ ನಕ್ಕರು. "ತಾಯೀ, ಅವರು ರೋಗಿ ಅಲ್ಲ ಕಣಮ್ಮ! ರೋಗಿ ಬಂದಿಲ್ಲ ಅಂತ ನಾನೇ ಕೂರಿಸಿದ್ದು. ನಿಮ್ಮ ಮೇಡಂಗೇ ರೋಗ ಹಚ್ಚಿಬಿಟ್ಟೆಯಲ್ಲ." ಅವಳ ಕಡೆ ತಿರುಗಿ, "ಏನ್ಮಾಡೋಣ ಮೇಡಂ? ಇಲ್ಲದ ರೋಗ ಹುಡುಕೋರನ್ನ ಪಾಸ್ ಮಾಡಿದ್ರೆ ನಾಳೆ ಯಾರದೋ ಒಳ್ಳೇ ಭುಜ ಹಾಳಾಗುತ್ತೆ. ಮೂರನೇ ಸಲ ಬೇರೆ." ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. ಹುಡುಗಿಗೆ ಹೇಳಿದರು: "ನೋಡಮ್ಮ, ಗಾಬರಿಯಲ್ಲಿ ಹೇಳಿದ್ದೀಯ. ಇನ್ನೊಂದು ಅವಕಾಶ ಕೊಡ್ತೀನಿ. ಯೋಚನೆ ಮಾಡಿ ಹೇಳು. ಬಲಭುಜ?"

ಹುಡುಗಿ ಅವಳನ್ನು ನೋಡಿದಳು. ಬೇಡಿಕೊಳ್ಳುವ ನೋಟವಲ್ಲ. ಇದೂ ಒಂದು ಪ್ರಶ್ನೆಯೇ, ಕ್ಲಾಸಿನಲ್ಲಿ ಕೈಯೆತ್ತಿ ಕೇಳುವಂಥದ್ದು. ನಾನು ನೋಡಿದ್ದು ಸರಿ ಅಲ್ವಾ ಮೇಡಂ? ಅವಳು ಕಣ್ಣು ತಪ್ಪಿಸಿ ಸೈಕಲ್ ಸ್ಟ್ಯಾಂಡನ್ನು ನೋಡಿದಳು. ನಾರ್ಮಲ್ ಅಂದುಬಿಡೇ, ಎಂದು ಒಳಗೇ ಅಂಗಲಾಚಿದಳು. ನಿನ್ನ ವರ್ಷ ಉಳಿಯುತ್ತದೆ, ನನ್ನ ವಾರ್ಡು ಉಳಿಯುತ್ತದೆ, ಇವರ ರೈಲು ಸಿಗುತ್ತದೆ. ಒಂದು ಮಾತು. ಅಂದುಬಿಡು, ನಿನ್ನ ದಮ್ಮಯ್ಯ.

"ನಾರ್ಮಲ್ ಸರ್," ಎಂದಳು ಹುಡುಗಿ.

"ಶಾಬಾಸ್!" ಪರೀಕ್ಷಕರು ಲೋಟ ಕೆಳಗಿಟ್ಟರು. "ಅಷ್ಟೇ ನೋಡು. ಹೋಗು, ಪಾಸು."

ಮುಗಿದಿತ್ತು. ಎದ್ದು, ಬಲತೋಳು ಮೊದಲು ತೂರಿಸಿ ಕೋಟು ಹಾಕಿಕೊಂಡರೆ ಆಯಿತು. ಬರುವ ತಿಂಗಳು ವಾರ್ಡಿನ ಬಾಗಿಲು ತೆರೆಯುತ್ತದೆ, ಹುಡುಗಿಗೂ ಒಂದು ಕೆಲಸ ಸಿಗುತ್ತದೆ, ಎಲ್ಲರಿಗೂ ಒಳ್ಳೆಯದೇ. ಹುಡುಗಿ ತಲೆ ತಗ್ಗಿಸಿ ಸ್ಟೂಲಿನ ಹತ್ತಿರವೇ ನಿಂತಿದ್ದಳು, ಅದನ್ನು ಗೋಡೆಗೆ ವಾಪಸ್ ಇಡಬೇಕೆಂದು ಕಾಯುತ್ತ. ಅವಳ ಬೆರಳುಗಳು ಒಂದನ್ನೊಂದು ಉಜ್ಜುತ್ತಿದ್ದವು, ಈಗಷ್ಟೇ ಮುಟ್ಟಿದ್ದನ್ನು ಒರೆಸಿಕೊಳ್ಳುವ ಹಾಗೆ. ಅದನ್ನು ಕಂಡದ್ದೇ ಮುಖ್ಯಸ್ಥೆಯ ಮೈಯಲ್ಲಿ ಏನೋ ಸರ್ರೆಂದು ಏರಿತು. ಕರುಣೆಯಲ್ಲ, ಪಶ್ಚಾತ್ತಾಪವೂ ಅಲ್ಲ, ಶುದ್ಧ ಸಿಟ್ಟು. ಸರಿ ಉತ್ತರ ಬಾಯಲ್ಲಿಟ್ಟುಕೊಂಡು ತಪ್ಪು ಉತ್ತರ ಹೇಳಿದವರ ಮೇಲೆ ಇಷ್ಟು ವರ್ಷ ಬಂದ ಅದೇ ಸಿಟ್ಟು. ಕೈ ಸರಿಯಾಗಿ ಕಂಡುಹಿಡಿದದ್ದನ್ನು ನಾಲಗೆ ಇಲ್ಲ ಅಂದಿತು. ಒಂದು ಸಲ ಇದನ್ನು ಕಲಿತವಳು ಇನ್ನು ಯಾವತ್ತೂ ತನ್ನ ಕೈಯನ್ನು ನಂಬುವುದಿಲ್ಲ, ದೊಡ್ಡವರ ಮುಖ ನೋಡಿ ಭುಜ ಓದುತ್ತಾಳೆ. ಕಲಿಸಿದ್ದು ಯಾರು? ಇಲ್ಲೇ ಕೂತು, ಸೈಕಲ್ ಸ್ಟ್ಯಾಂಡ್ ನೋಡುತ್ತ?

"ತಪ್ಪು!"

ಅವಳೇ ಬೆಚ್ಚಿದಳು. ಕ್ಲಾಸಿನ ಧ್ವನಿ ಅದು, ಹಿಂದಿನ ಬೆಂಚಿಗೂ ತಲುಪುವಂಥದ್ದು.

"ಈಗ ಸರಿಯಾಗಿ ಹೇಳಿದ್ಲಲ್ಲ ಮೇಡಂ," ಎಂದರು ಪರೀಕ್ಷಕರು.

"ಏನ್ ಸರಿ? ಮೊದಲು ಹೇಳಿದ್ದು ಸರಿ. ಈಗ ಹೇಳಿದ್ದು ಬುರುಡೆ. ನಿನಗೆ ಬುದ್ಧಿ ಇದೆಯೇನೇ?" ಹುಡುಗಿಯ ಕಡೆ ತಿರುಗಿ ಕೂಗಿದಳು. "ಕಣ್ಣಾರೆ ಕಂಡೆ, ಕೈಯಾರೆ ಒತ್ತಿದೆ. ಅವರು ನಕ್ಕರು ಅಂತ ಬದಲಾಯಿಸಿಬಿಡೋದಾ? ನನ್ನ ಬಲಭುಜ ಹೋಗಿದೆ ಸರ್. ಹೋದ ಬೇಸಿಗೆಯಲ್ಲೇ ಹೋಗಿದೆ. ಆ ಮೂವರು ಗೂಬೆಗಳಿಗೆ ಕಾಣಲಿಲ್ಲ, ಇವಳಿಗೆ ಕಾಣ್ತು."

ಪರೀಕ್ಷಕರು ಮತ್ತೆ ನಕ್ಕರು, ಈ ಸಲ ಮೆಚ್ಚುಗೆಯಿಂದ. "ನಿಮ್ಮದು ಬಾಯಿ ಮಾತ್ರ ಜೋರು ಮೇಡಂ, ಮನಸ್ಸು ಬೆಣ್ಣೆ. ಪಾಸ್ ಅಂದೆನಲ್ಲ, ಅವಳನ್ನ ಉಳಿಸೋಕೆ ಈ ನಾಟಕ ಎಲ್ಲ ಬೇಡ."

"ನಾಟಕ ಅಲ್ಲ ಸರ್. ನೋಡಿ ಬೇಕಾದ್ರೆ."

ತೋರಿಸಲೆಂದು ಕೈ ಎತ್ತಿದಳು. ಹಾಳು ಕೈ ಸಲೀಸಾಗಿ ಮೇಲೆ ಹೋಯಿತು. ಹೆಗಲು ತಾನಾಗಿ ಎಗರಿತು, ಸೊಂಟ ತಾನಾಗಿ ವಾಲಿತು. "ನನಗಿಂತ ಚೆನ್ನಾಗಿ ಎತ್ತಿದ್ರಲ್ಲ!" ಎಂದರು ಪರೀಕ್ಷಕರು. ಅವಳು ಮತ್ತೆ ಎತ್ತಿದಳು, ಕಳ್ಳಾಟ ಮಾಡಬಾರದು ಎಂದು ಹಲ್ಲುಕಚ್ಚಿ. ಮತ್ತೆ ಹೋಯಿತು. ಎಷ್ಟು ತಿಂಗಳು ಈ ಮೈಗೆ ಇದೊಂದನ್ನೇ ಪಾಠ ಮಾಡಿದ್ದಳು! ಈಗ ಸತ್ಯ ಹೇಳು ಅಂದರೆ ಅದಕ್ಕೆ ಬರುತ್ತಿಲ್ಲ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು. ಎರಡನ್ನೂ ನುಂಗಿದಳು.

"ಏಯ್, ನಿಂತ್ಕೊಂಡು ಏನ್ ನೋಡ್ತೀಯ? ಹಿಡಿ!" ಎಂದಳು ಹುಡುಗಿಗೆ.

ಹುಡುಗಿ ಯಾಕೆ, ಎಲ್ಲಿ ಎಂದು ಕೇಳಲಿಲ್ಲ. ಹಿಂದೆ ಹೋಗಿ, ಒಂದು ಅಂಗೈಯನ್ನು ಹೆಗಲ ಮೇಲೆ ಊರಿ ಕೆಳಕ್ಕೆ ಒತ್ತಿ ಹಿಡಿದಳು, ಇನ್ನೊಂದರಲ್ಲಿ ಸೊಂಟ ವಾಲದಂತೆ ತಡೆದಳು. "ಈಗ ಎತ್ತಿ ಮೇಡಂ."

ಎತ್ತಿದಳು. ಕೈ ಸೊಂಟದಿಂದ ಒಂದಿಷ್ಟು ದೂರ ಬಂದು ನಿಂತಿತು. ಅಲ್ಲೇ ನಡುಗಿತು. ಇನ್ನೂ ಎತ್ತು ಎಂದು ಅವಳು ಅದಕ್ಕೆ ಹೇಳುತ್ತಿದ್ದಳು, ಅದು ಕೇಳುತ್ತಿರಲಿಲ್ಲ. ಹಣೆಯಲ್ಲಿ ಬೆವರು ಒಡೆಯಿತು. ಪರೀಕ್ಷಕರು ಎದ್ದು ಬಂದು, ಮುಂದಿನಿಂದ ನೋಡಿ, ಹಿಂದೆ ಹೋಗಿ ನೋಡಿ, ಮತ್ತೆ ಮುಂದೆ ಬಂದರು. ಅವರ ಮುಖದಲ್ಲಿ ನಗು ಇರಲಿಲ್ಲ. ಮೇಷ್ಟ್ರು ಬಾಗಿಲು ಮುಚ್ಚಿ ಒಳಗಿನಿಂದ ಅಗಳಿ ಹಾಕಿದರು.

"ಹಾಗಾದ್ರೆ ಹೊಸ ವಾರ್ಡು..." ಎಂದರು ಪರೀಕ್ಷಕರು.

"ಬೇರೆ ಯಾರಾದ್ರೂ ನಡೆಸ್ತಾರೆ. ನಿಯಮ ನಾನೇ ಬರೆದಿದ್ದು ಸರ್. ನಿಮಗೆ ರೈಲಿಗೆ ಹೊತ್ತಾಗುತ್ತೆ, ಮೊದಲು ಇವಳಿಗೆ ಮಾರ್ಕ್ಸ್ ಹಾಕಿ. ಮೊದಲ ಉತ್ತರಕ್ಕೆ ಹಾಕಿ, ಎರಡನೇದಕ್ಕಲ್ಲ."

ಹೇಳುತ್ತಿದ್ದಂತೆ ಕೈ ಸೋತು ಕೆಳಗಿಳಿಯತೊಡಗಿತು. ಬೀಳುವ ಮುನ್ನ ಹುಡುಗಿಯ ಅಂಗೈ ಮೊಣಕೈಯ ಕೆಳಗೆ ಬಂದಿತ್ತು. ಇಡೀ ತೋಳಿನ ಭಾರ ಅದರ ಮೇಲೆ ಕೂತಿತು. ಹೋದ ಬೇಸಿಗೆಯಿಂದ ಮಲಗಿದಾಗಲೂ, ಕೂತಾಗಲೂ, ಯಾರೋ ಅಂದ ಜೋಕಿಗೆ ನಗುವಾಗಲೂ ಅವಳೊಬ್ಬಳೇ ಹೊತ್ತುಕೊಂಡು ತಿರುಗಿದ ಭಾರ. ನೋವು ನಿಂತಿರಲಿಲ್ಲ, ಆದರೂ ಒಳಗೆ ಏನೋ ಸಡಿಲವಾಯಿತು.

"ಬಿಡ್ಲಾ ಮೇಡಂ?" ಹುಡುಗಿ ಮೆಲ್ಲನೆ ಕೇಳಿದಳು.

"ಬಿಟ್ಟು ನೋಡು, ಫೇಲ್ ಮಾಡಿಬಿಡ್ತೀನಿ," ಎಂದಳು ಅವಳು, ಮೂಗು ಏರಿಸಿಕೊಳ್ಳುತ್ತ. "ಸುಮ್ನೆ ಹಿಡ್ಕೊಂಡಿರು ಸ್ವಲ್ಪ ಹೊತ್ತು."